ಒಬ್ಳೇ ಇರೋದು ಗಟ್ಟಿ ಮಾಡುತ್ತಾ, ಒಳಗಿಂದ ತಿಂದುಹಾಕುತ್ತಾ?

ಕುಂದವಾಡ ದಂಡೆ:
ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ, ವಯಸ್ಸು 31. ಬೆಂಗಳೂರಲ್ಲಿ ಆರು ವರ್ಷ ಒಂದೇ ಕಂಪನೀಲಿ ದುಡಿದೆ, ಹೋದ ದೀಪಾವಳಿಗೆ ಮುಂಚೆ ಒಂದಿನ ಮೀಟಿಂಗ್ ಅಂತ ಕರ್ದು ನಾಳೆಯಿಂದ ಬರೋದು ಬೇಡ ಅಂದ್ರು. ರೂಮ್ ಖಾಲಿ ಮಾಡ್ಕೊಂಡು ಮನೆಗೆ ಬಂದೆ. ಅಪ್ಪ ಇಲ್ಲ. ಅಕ್ಕನಿಗೆ ಎರಡನೇ ಹೆರಿಗೆ, ಡಾಕ್ಟರು ಪ್ರಯಾಣ ಬೇಡ ಅಂದಿದ್ದಕ್ಕೆ ಅಮ್ಮನೇ ಶಿವಮೊಗ್ಗಕ್ಕೆ ಹೋಗಿದಾರೆ, ಹಂಗಾಗಿ ಮೂರು ತಿಂಗ್ಳಿಂದ ಇಷ್ಟು ದೊಡ್ಡ ಮನೇಲಿ ನಾನೊಬ್ಳೇ.

ಒಂಟಿಯಾಗಿದ್ರೆ ನಿನ್ನನ್ನ ನೀನು ಅರ್ಥ ಮಾಡ್ಕೊಳ್ತೀಯ, ಪಾಸಿಟಿವ್ ಆಗಿ ಯೋಚ್ನೆ ಮಾಡು ಅಂತ ಎಲ್ರೂ ಹೇಳ್ತಾರೆ. ಬೆಳಿಗ್ಗೆ ಏನೋ ಹೆಂಗೋ ಕಳೀತದೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಎದೆ ಮೇಲೆ ಯಾರೋ ಕೂತಂಗೆ ಆಗುತ್ತೆ. ನಿನ್ನೆ ಒಂದು ಲೋಟ ಅಕ್ಕಿ ಹಾಕೋದಾ ಅರ್ಧ ಲೋಟ ಸಾಕಾ ಅಂತ ಡಬ್ಬಿ ಮುಂದೆ ನಿಂತ್ಕೊಂಡು ಹತ್ತು ನಿಮಿಷ ಅತ್ತೆ, ಯಾಕಂತ ನಂಗೇ ಗೊತ್ತಿಲ್ಲ. ಒಂಟಿತನದಿಂದ ನಿಜವಾಗ್ಲೂ ಏನಾದ್ರೂ ಸಿಕ್ಕಿದೆಯಾ ಯಾರಿಗಾದ್ರೂ? ಮುಂದೆ ಒಳ್ಳೇದಾಗುತ್ತೆ ಅನ್ಕೊಳ್ಳೋದು ನಮಗೆ ನಾವೇ ಸುಳ್ಳು ಹೇಳ್ಕೊಂಡಂಗೆ ಅಲ್ವಾ?

ಮಾರಿಕಣಿವೆ ತೋಟ:
ತಂಗೀ, ನಾನು ಹಿರಿಯೂರು ಕಡೆಯವನು, ತೆಂಗಿನ ತೋಟ. ಬರ ಬಿದ್ದ ವರ್ಷಗಳಲ್ಲಿ ನಮ್ಮ ಕಡೆ ತೋಟಕ್ಕೆ ತೋಟಾನೇ ಒಣಗಿದ್ವು, ನನ್ನವು ಅರವತ್ತೆರಡು ಮರ ಸುಳಿ ಬಿದ್ದು ಹೋದ್ವು, ಅಪ್ಪ ಹಾಕಿದ ಮರಗಳು. ಮೂರು ಬೋರ್ ಹಾಕಿಸ್ದೆ, ಮೂರೂ ಫೇಲ್. ಮನೇಲಿ ಯಾರ ಮುಖ ನೋಡೋಕೂ ಆಗ್ದೆ ಹೊಲದ ಶೆಡ್ಡಲ್ಲೇ ಮಲಗ್ತಿದ್ದೆ, ಹತ್ರತ್ರ ಒಂದು ವರ್ಷ. ಮೊದಮೊದ್ಲು ನಿನ್ನಂಗೇ, ಕತ್ಲಾದ್ರೆ ಜೀವ ಹಿಂಡೋದು.

ಬದ್ಲಾಗಿದ್ದು ಹೆಂಗೆ ಅಂದ್ರೆ ದೊಡ್ಡ ಯೋಚ್ನೆ ಮಾಡಿ ಅಲ್ಲ. ಒಣಗಿದ ಮರದ ಬುಡದಲ್ಲಿ ಕಾಯಿ ಬಿದ್ದು ತಾನೇ ಮೊಳಕೆ ಒಡ್ದಿತ್ತು, ಬೆರಳುದ್ದ. ಅದಕ್ಕೆ ದಿನಾ ಒಂದು ಕೊಡ ನೀರು ಹೊತ್ತು ಹಾಕೋಕೆ ಶುರು ಮಾಡ್ದೆ, ಟ್ಯಾಂಕರ್ ನೀರು, ಆಮೇಲೆ ನರ್ಸರಿಯಿಂದ ಇಪ್ಪತ್ತು ಸಸಿ ತಂದೆ. ಸಸಿ ಬುಡಕ್ಕೆ ನೀರು ಬಿದ್ದಾಗ ಮಣ್ಣು ಸೊರ್ರ್ ಅಂತ ಹೀರ್ಕೊಳ್ಳೋ ಸದ್ದು ಇರುತ್ತಲ್ಲ, ಅದನ್ನ ಕೇಳೋಕೆ ಅಂತಾನೇ ಬೆಳಿಗ್ಗೆ ಎದ್ದೇಳ್ತಿದ್ದೆ. ಒಬ್ನೇ ಇದ್ನಲ್ಲ, ಅದ್ಕೇ ಕೇಳಿಸ್ತು. ಜನ ಇದ್ದಿದ್ರೆ ಕೇಳಿಸ್ತಿರ್ಲಿಲ್ಲ.

ನಮ್ಮ ವಾಣಿವಿಲಾಸ ಸಾಗರ ಡ್ಯಾಮ್ ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರಲ್ಲೇ, 89 ವರ್ಷ. ನಮ್ಮಜ್ಜ ನೋಡಿದ್ದನ್ನ ನಮ್ಮಪ್ಪ ನೋಡ್ಲಿಲ್ಲ, ನಾನು ನೋಡ್ದೆ. ಆದ್ರೆ ಒಂದು ಮಾತು, ಆ ನೀರು ಬರೀ ಮಳೆಯಿಂದ ಬಂದಿದ್ದಲ್ಲ, ನೀರು ಬೇಕು ಅಂತ ನಮ್ಮ ಜನ ಎಷ್ಟು ವರ್ಷ ಹೋರಾಟ ಮಾಡಿದ್ರು, 2019ರಿಂದ ಭದ್ರಾ ನೀರು ಎತ್ತಿ ಈ ಡ್ಯಾಮಿಗೆ ಬರೋ ವೇದಾವತಿ ಹೊಳೆಗೆ ಬಿಟ್ರು, ಮೇಲೆ ಮಳೇನೂ ಕೈ ಹಿಡೀತು. 2025ರ ಜನವರೀಲಿ ಮತ್ತೆ ತುಂಬ್ತು. ಸುಮ್ನೆ ಕೂತು ಕಾಯೋದಕ್ಕೆ ಆಸೆ ಅನ್ನಲ್ಲ ತಂಗೀ. ಕೊಡ ಹೊರಬೇಕು. ಇಪ್ಪತ್ತರಲ್ಲಿ ಹದಿಮೂರು ಸಸಿ ಉಳೀತು.

ಕಲ್ಲಿನಕೋಟೆ:
ನಾನು ದುರ್ಗದವಳು. ಡಿವೋರ್ಸ್ ಆದ್ಮೇಲೆ ಎರಡು ವರ್ಷ ದಿನಾ ಬೆಳಿಗ್ಗೆ ಒಬ್ಳೇ ಕೋಟೆ ಹತ್ತಿದೀನಿ. ಮಾತಾಡ್ಸೋರು ಇಲ್ಲ ಅಂತ ಮೊದ್ಲು ಬೇಜಾರಾಗ್ತಿತ್ತು, ಆಮೇಲೆ ಅದೇ ಬೇಕು ಅನ್ಸೋಕೆ ಶುರುವಾಯ್ತು. ಒಬ್ಬೊಬ್ರೇ ನುಸುಳೋ ಅಷ್ಟು ಸಣ್ಣ ಓಬವ್ವನ ಕಿಂಡಿ ಹತ್ರ ಕೂತ್ಕೊಂಡು ಯೋಚ್ನೆ ಮಾಡ್ತಿದ್ದೆ, ಆಯಮ್ಮ ನೀರಿಗೆ ಅಂತ ಬಂದೋಳು, ಕೈಗೆ ಸಿಕ್ಕಿದ್ದು ಒನಕೆ, ಊಟಕ್ಕೆ ಕೂತಿದ್ದ ಗಂಡನ್ನೂ ಕರೀದೆ ಒಬ್ಳೇ ನಿಂತ್ಲು. ನನ್ನ ಕೈಲಿ ಏನಿದೆ ಅಂತ ನಾನೂ ಕೇಳ್ಕೊಂಡೆ. ಹೊಲಿಗೆ ಬರ್ತಿತ್ತು ನಂಗೆ. ಇವತ್ತು ನನ್ನ ಹತ್ರ ನಾಲ್ಕು ಮಿಷನ್ ಇದೆ. ಅಕ್ಕಾ, ನಿಮಗೆ ಕೈಯಲ್ಲಿ ಮಾಡೋಕೆ ಏನು ಬರುತ್ತೆ?

ಪಾಠದ ಮೇಷ್ಟ್ರು:
ಮೇಲಿನ ಇಬ್ರ ಮಾತೂ ಒಪ್ತೀನಿ, ಆದ್ರೆ ಸ್ವಲ್ಪ ಬೇರೆ ಹೇಳ್ಬೇಕು. ನಾನು ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡ್ತೀನಿ. ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತ ನಾವಾಗೇ ಹೋಗಿ ಕೂತ್ಕೊಳ್ಳೋದು, ಬೇಕಾದಾಗ ಎದ್ದು ಬರಬಹುದು. ಒಂಟಿತನ ನಾವು ಬೇಡ ಅಂದ್ರೂ ಬಂದು ಕೂರೋದು. ನಿಮಗೆ ಆಗಿರೋದು ಎರಡನೇದು, ಅದರಿಂದ ಶಕ್ತಿ ಬರ್ತಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ.

ಸುಳ್ಳು ಹೇಳ್ಕೊಂಡಂಗೆ ಅಲ್ವಾ ಅಂದ್ರಲ್ಲ, ಸಿ.ಆರ್. ಸ್ನೈಡರ್ ಅಂತ ಅಮೆರಿಕದ ಮನಃಶಾಸ್ತ್ರಜ್ಞರೊಬ್ರು ಇದ್ರು, ಬಹಳ ವರ್ಷ ಭರವಸೆ ಮೇಲೆ ಕೆಲಸ ಮಾಡಿದೋರು. ಅವರ ಲೆಕ್ಕದಲ್ಲಿ ಎಲ್ಲಾ ಒಳ್ಳೇದಾಗುತ್ತೆ ಅನ್ಕೊಳ್ಳೋದಕ್ಕೆ ಭರವಸೆ ಅನ್ನಲ್ಲ. ಒಂದು ಗುರಿ ಇರಬೇಕು, ಅಲ್ಲಿಗೆ ಹೋಗೋಕೆ ಒಂದಲ್ಲ ನಾಲ್ಕು ದಾರಿ ಕಾಣ್ತಿರಬೇಕು, ನಡೀಬಲ್ಲೆ ಅನ್ನೋ ನಂಬಿಕೆ ಇರಬೇಕು. ಮಾರಿಕಣಿವೆಯವರ ಕೊಡ ಅದೇ ನೋಡಿ. ಬೋರ್ ದಾರಿ ಮುಚ್ತು, ಟ್ಯಾಂಕರ್ ದಾರಿ ಹಿಡಿದ್ರು.

ಆದ್ರೆ ಸಂಜೆ ಎದೆಭಾರ, ಕಾರಣ ಗೊತ್ತಿಲ್ದೆ ಅಳು, ಇದು ವಾರಗಟ್ಟಲೆ ಇದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಬದುಕೇ ಬೇಡ ಅನ್ಸಿದ್ರಂತೂ ಒಬ್ರೇ ಗಟ್ಟಿ ಆಗ್ತೀನಿ ಅಂತ ಹಠ ಮಾಡ್ಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಜಿಲ್ಲಾ ಆಸ್ಪತ್ರೇಲೂ ಮನೋವೈದ್ಯರು ಇರ್ತಾರೆ. ಜ್ವರ ಬಂದ್ರೆ ಹೋಗಲ್ವಾ, ಹಂಗೇ. ಮತ್ತೆ ಅಮ್ಮನಿಗೆ ನಿಜ ಹೇಳಿ, ಬಾಣಂತಿ ಮನೇಲಿ ಯಾಕೆ ಟೆನ್ಷನ್ ಕೊಡೋದು ಅಂತ ಮುಚ್ಚಿಡ್ತಿದೀರ ಅನ್ಸುತ್ತೆ ನಂಗೆ.

ಕುಂದವಾಡ ದಂಡೆ:
ಮೇಷ್ಟ್ರೇ ಮುಚ್ಚಿಟ್ಟಿದ್ದು ಹೌದು, ಹೆಂಗೆ ಗೊತ್ತಾಯ್ತು. ಊಟ ಮಾಡ್ದಾ ಅಂತ ಅಮ್ಮ ಕೇಳಿದಾಗೆಲ್ಲ ಹ್ಞೂಂ ಅಂತಿದ್ದೆ. ಇವತ್ತು ಇದನ್ನೆಲ್ಲ ಓದಿ ಫೋನ್ ಮಾಡಿ ಎಲ್ಲಾ ಹೇಳ್ದೆ, ಇಬ್ರೂ ಅತ್ವಿ. ಭಾನುವಾರ ಬಸ್ ಹತ್ತಿ ಬಾ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋಕೆ ನಂಗೂ ಒಂದು ಕೈ ಬೇಕು ಅಂದ್ರು. ನಂಬರ್ ಸೇವ್ ಮಾಡ್ಕೊಂಡಿದೀನಿ, ನಾಳೇನೇ ಮಾಡ್ತೀನಿ. ದುರ್ಗದ ಅಕ್ಕಾ, ಲೆಕ್ಕ ಚೆನ್ನಾಗಿ ಬರುತ್ತೆ ನಂಗೆ, ಕೆಲಸಕ್ಕೆ ಸೇರೋ ಮುಂಚೆ ಪಕ್ಕದ ಬೀದಿ ಹುಡುಗ್ರಿಗೆ ಟ್ಯೂಷನ್ ಹೇಳ್ತಿದ್ದೆ, ಅದು ಮರ್ತೇ ಹೋಗಿತ್ತು. ಸಂಜೆ ಆರಕ್ಕೆ ಬರ್ತಿದ್ರು ಅವರೆಲ್ಲ, ದೀಪ ಹಚ್ಚೋ ಹೊತ್ತಿಗೇ.

ಮಾರಿಕಣಿವೆ ತೋಟ:
ಶಿವಮೊಗ್ಗಕ್ಕೆ ಹೋಗಿ ಬಂದು ಹೇಳವ್ವ, ಕೂಸು ಯಾರ ಹಂಗೈತೆ ಅಂತ.