‘ಸಂಶೋಧಕರ ಜಾಲ’ ಅಂತ ಬ್ಯಾನರಿಗೆ ಹಾಕಬಹುದಾ? (ತುರ್ತು)

ಮಾಟುಂಗಾದಿಂದ:
ಭಾನುವಾರ ಇಲ್ಲಿ ಕನ್ನಡದಲ್ಲಿ ಒಂದು ಉಪನ್ಯಾಸವಿದೆ. ವಿಷಯ: ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳು. ಮಾತಾಡುವವರು ಆಫ್ರಿಕಾ ಬಗ್ಗೆ ಕೆಲಸ ಮಾಡುವ ಸಂಶೋಧಕರ ಒಂದು ನೆಟ್‌ವರ್ಕಿನವರು. ಈ ನೆಟ್‌ವರ್ಕಿಗೆ ಏನನ್ನಲಿ? ನಿಘಂಟು ನೋಡಿ ‘ಆಫ್ರಿಕಾ ಸಂಶೋಧಕರ ಜಾಲ’ ಅಂತ ಬರೆದೆ. ದಾದರಿನ ಫ್ಲೆಕ್ಸ್ ಅಂಗಡಿಯಲ್ಲಿ ಕುಂದಾಪುರದ ಹುಡುಗನೊಬ್ಬ ಇದ್ದಾನೆ. ಪ್ರೂಫ್ ಓದಿ, ‘ಇವರನ್ನ ಯಾವಾಗ ಹಿಡಿದ್ರು ಸಾರ್?’ ಅಂದ. ಪೇಪರಿನಲ್ಲಿ ‘ಜಾಲ’ ಬಂದರೆ ಹಿಂದೆಯೇ ‘ಪತ್ತೆ’ ಬರುತ್ತದಲ್ವಾ! ಅದೂ ಆಫ್ರಿಕಾ ಹೆಸರಿನ ಪಕ್ಕದಲ್ಲಿ. ನನಗೇ ನಾಚಿಕೆಯಾಯಿತು. ಆರು ಗಂಟೆಗೆ ಪ್ರಿಂಟಿಗೆ ಹೋಗಬೇಕು.

ಪುಣೆಯಿಂದ:
ಜಾಲ ಸಂಸ್ಕೃತ. ಬೇಡ. ನಮ್ಮದೇ ‘ಬಲೆ’ ಇದೆ. ತಮಿಳಿನ ‘ವಲೈ’, ಮಲಯಾಳದ ‘ವಲ’ ಅದರ ಒಡಹುಟ್ಟು. ಅಲ್ಲಿಯ ವಕಾರ ನಮ್ಮಲ್ಲಿ ಬಕಾರ. ಸಂಶೋಧಕನಿಗೆ ‘ಅರಕೆಗಾರ’ ಇದೆ, ‘ಅರಕೆಗಾರರ ಬಲೆ’ ಅನ್ನಿ. ನಗುವವರು ನಗಲಿ, ಬಳಸುತ್ತಾ ರೂಢಿಯಾಗುತ್ತದೆ.

ಪಣಜಿಯಿಂದ:
ಅರಕೆ ಅಂದರೆ ನಮ್ಮೂರಲ್ಲಿ ಕೊರತೆ. ಬಲೆಗೆ ಬಂಗುಡೆ ಬೀಳುತ್ತದೆ, ಸಂಶೋಧಕರಲ್ಲ. ಪದ ಯಾರ ಮನೆಯದು ಅನ್ನುವುದು ಆಮೇಲಿರಲಿ, ಮೊದಲು ಈ ನೆಟ್‌ವರ್ಕು ಎಂಥದ್ದು ಹೇಳಿ. 1957ರಲ್ಲಿ ಅಮೆರಿಕದಲ್ಲಿ ಶುರುವಾದ ಆಫ್ರಿಕನ್ ಸ್ಟಡೀಸ್ ಅಸೋಸಿಯೇಷನ್‌ಗೆ ಒಬ್ಬೊಬ್ಬರೂ ಚಂದಾ ಕಟ್ಟಿ ಸದಸ್ಯರಾಗುತ್ತಾರೆ. ಅದು ಸಂಘ. ಯುರೋಪಿನಲ್ಲಿ 1991ರಿಂದ ಇರುವ ಏಜಿಸ್‌ನಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರಗಳೇ ಸದಸ್ಯರು, ಎರಡು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನ. ಅದನ್ನು ಒಕ್ಕೂಟ ಅನ್ನಬಹುದು. ನಿಮ್ಮವರದು ಯಾವ ಥರ?
ಇನ್ನೊಂದು ತೊಡಕು. ‘ಆಫ್ರಿಕಾ ಸಂಶೋಧಕರು’ ಅಂದರೆ ಆಫ್ರಿಕಾದಿಂದ ಬಂದವರು ಅಂತಲೂ ಆಗುತ್ತದೆ. ಕಲೀನಾದಲ್ಲಿ ಮುಂಬೈ ವಿ.ವಿ.ಯ ಆಫ್ರಿಕಾ ಅಧ್ಯಯನ ಕೇಂದ್ರ 1971ರಿಂದ ಇದೆ. ಅದರಲ್ಲಿರುವ ‘ಅಧ್ಯಯನ’ವನ್ನೇ ಇಟ್ಟುಕೊಳ್ಳಿ, ಗೊಂದಲ ಹೋಗುತ್ತದೆ.

ಪುಣೆಯಿಂದ:
ಅಧ್ಯಯನವೂ ಸಂಸ್ಕೃತವೇ. ಹೀಗೆ ಸಾಲ ತಂದು ತಂದೇ ಈ ಗತಿ.

ಪಣಜಿಯಿಂದ:
‘ಗತಿ’ ಯಾರ ಮನೆಯದು ಸ್ವಾಮಿ? ಅದೇ ‘ಜಾಲ’ವನ್ನು ನಿಮ್ಮ ಸುತ್ತಲಿನ ಮರಾಠಿಯವರು ‘ಜಾಳೆ’ ಮಾಡಿಕೊಂಡು ಆರಾಮಾಗಿದ್ದಾರೆ. ನಾವು ಮಾತ್ರ ಸುಮ್ನೆ ಜಗಳ.

ಮಾಟುಂಗಾದಿಂದ:
ಇವರಿಗೆ ಚಂದಾ ಇಲ್ಲ, ಅಧ್ಯಕ್ಷರೂ ಇಲ್ಲ. ಒಬ್ಬರಿಗೊಬ್ಬರು ಮೇಲ್ ಮಾಡುತ್ತಾರೆ, ಲೇಖನ ಹಂಚಿಕೊಳ್ಳುತ್ತಾರೆ, ಅಷ್ಟೇ. ಹಾಗಾಗಿ ಸಂಘವೂ ಅಲ್ಲ, ಒಕ್ಕೂಟವೂ ಅಲ್ಲ. ‘ಆಫ್ರಿಕಾ ಅಧ್ಯಯನ ಬಳಗ’ ಅಂತ ಕಳಿಸಿಬಿಟ್ಟೆ. ಹುಡುಗ ಈಗ, ‘ಬಳಗ ಅಂದ್ರೆ ಮದುವೆದಾ ಸಾರ್, ಅಂಚಿಗೆ ಹೂವು ಹಾಕ್ಲಾ?’ ಅಂತ ಕೇಳುತ್ತಿದ್ದಾನೆ. ಬೇಡ ಅಂದಿದ್ದೇನೆ.