ಅರ್ಜುನನ ಹತ್ತು ಹೆಸರು, ಗಿರಿಯಣ್ಣನ ಬಜ್ಜಿ

ಭರಣಿ ಮಳೆ ಹಿಡಿಯಿತೆಂದರೆ ಕ್ಯಾತ್ಸಂದ್ರದ ಗಿರಿಯಣ್ಣನ ಹೋಟೆಲಿನಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ಹೋಗುವುದು ನಮ್ಮ ಮರ್ಯಾದೆ. ಮೊನ್ನೆ ಸಂಜೆಯೂ ಹಾಗೇ ಆಯ್ತು. ತಟ್ಟೆ ಇಡ್ಲಿ ಮುಗಿದಿತ್ತು, ಬಜ್ಜಿಗೆ ಎಣ್ಣೆ ಕಾಯುತ್ತಿತ್ತು. ದೇವರಾಯನದುರ್ಗದ ಕಡೆ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಿಟ್ಟಿತ್ತು. ಫಳ್ಳನೆ ಮಿಂಚಿದ್ದೇ ತಡ, ಗುಬ್ಬಿ ಕಡೆಯ ತೋಟದ ನಂಜಪ್ಪ ಕಾಫಿ ಲೋಟ ಕೆಳಗಿಟ್ಟು ಎರಡೂ ಕಿವಿಗೆ ಬೆರಳು ತುರುಕಿಕೊಂಡ.

“ಯಾಕೋ?”

“ಸಿಡ್ಲು ಬತ್ತದೆ ಕಣಣ್ಣ.”

“ಬಂದು ಹೋಯ್ತಲ್ಲೋ ಮಾರಾಯ,” ಎಂದರು ಮೇಷ್ಟ್ರು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ನೌಕರಿಗೆ, ಪಾಠಕ್ಕಲ್ಲ. “ಕಳ್ಳ ಓಡಿಹೋದ ಮೇಲೆ ಅಗಳಿ ಹಾಕ್ಕೊಂಡ್ರೆ ಏನು ಬಂತು? ಕೊಲ್ಲೋದು ಮಿಂಚು. ಗುಡುಗು ಬರೀ ಅದರ ಸದ್ದು. ಗುಡುಗು ಕೇಳಿಸ್ತು ಅಂದ್ರೆ ಆ ಸಲಕ್ಕೆ ಬದುಕಿದೀಯ ಅಂತ ಅರ್ಥ.”

“ಹಂಗಾದ್ರೆ ಸಿಡ್ಲು ಯಾವ್ದು?”

“ಮಿಂಚು ಅಂದ್ರೆ ಕಣ್ಣಿಗೆ ಬಂದಿದ್ದು, ಗುಡುಗು ಅಂದ್ರೆ ಕಿವಿಗೆ ಬಂದಿದ್ದು, ಸಿಡಿಲು ಅಂದ್ರೆ ಮನೆಗೆ ಬಂದಿದ್ದು. ಮೂರೂ ಒಂದೇ.”

“ಮನೆಗಲ್ಲ ಮೇಷ್ಟ್ರೇ, ನಮ್ಮಂಗ್ಡಿಗೆ ಬಂದಿದ್ದು,” ಎಂದ ಟಿವಿ ರಿಪೇರಿ ಸಲೀಂ. ಏಪ್ರಿಲ್, ಮೇ ಎಂದರೆ ಅವನಿಗೆ ಸುಗ್ಗಿ. ಸಿಡಿಲು ಊರಾಚೆ ಕಂಬಕ್ಕೆ ಹೊಡೆದರೂ ವೈರು ಹಿಡಿದುಕೊಂಡು ಮನೆಮನೆಗೂ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಕೇಬಲ್ಲನ್ನೂ ಬಿಚ್ಚಬೇಕು ಎಂದು ಸಲೀಂ ಎಲ್ಲರಿಗೂ ಹೇಳುತ್ತಾನೆ. ಯಾರೂ ಕೇಳುವುದಿಲ್ಲವೆಂಬ ಭರವಸೆ ಅವನಿಗಿದೆ.

ನಂಜಪ್ಪನಿಗೆ ಬುಡದಿಂದ ಬೇಕಿತ್ತು. “ಅಲ್ಲಾ ಮೇಷ್ಟ್ರೇ, ಮೋಡ ಅಂದ್ರೆ ನೀರು. ಅದಕ್ಕೆ ಕರೆಂಟ್ ಕನೆಕ್ಷನ್ ಕೊಟ್ಟೋರ್ಯಾರು? ನಮ್ ಬೋರ್‌ವೆಲ್ಲಿಗೆ ಅರ್ಜಿ ಹಾಕಿ ಎರಡು ವರ್ಷ ಆಯ್ತು, ಇನ್ನೂ ಕಂಬ ನೆಟ್ಟಿಲ್ಲ.”

“ತುಮಕೂರು ಬಸ್ ಸ್ಟ್ಯಾಂಡ್ ನೋಡಿದೀಯಲ್ಲ, ಹಬ್ಬದ ಹಿಂದಿನ ದಿನ?” ಮೇಷ್ಟ್ರು ಬೆಂಚಿನ ಮೇಲೆ ಚಕ್ಕಂಬಕ್ಕಲ ಹಾಕಿದರು. ಇನ್ನು ಅರ್ಧ ಗಂಟೆ ನಮಗೆ ಬಿಡುಗಡೆಯಿಲ್ಲ ಎಂದು ಅರ್ಥ. “ಗುಡುಗಿನ ಮೋಡದ ಒಳಗೂ ಅದೇ ನೂಕುನುಗ್ಗಲು. ಬಿಸಿಗಾಳಿ ಕೆಳಗಿಂದ ರಭಸವಾಗಿ ಮೇಲಕ್ಕೆ ನುಗ್ತದೆ. ಅದರ ಜತೆ ಮಂಜುಗಡ್ಡೆಯ ಸಣ್ಣ ಹರಳುಗಳು ಮೇಲಕ್ಕೆ ಹೋಗ್ತವೆ. ಆಲಿಕಲ್ಲಿನ ಮರಿಗಳಿರ್ತವೆ, ತೂಕ ಜಾಸ್ತಿ, ಅವು ಕೆಳಕ್ಕೆ ಇಳೀತಿರ್ತವೆ. ಹತ್ತೋರಿಗೂ ಇಳಿಯೋರಿಗೂ ಡಿಕ್ಕಿ. ಆ ಗಲಾಟೇಲಿ ಹರಳಿನ ಜೇಬಿಂದ ಎಲೆಕ್ಟ್ರಾನ್ ಹೊಡ್ಕೊಂಡು ಆಲಿಕಲ್ಲಿನ ಮರಿ ಕೆಳಕ್ಕೆ ಜಾರ್ತದೆ. ಹಂಗಾಗಿ ಮೋಡದ ಕೆಳಭಾಗದಲ್ಲಿ ಋಣ, ಮೇಲ್ಭಾಗದಲ್ಲಿ ಧನ.”

“ಪಿಕ್‌ಪಾಕೆಟ್ ಅನ್ನಿ.”

“ಅನ್ನು. ಕದ್ದ ಮಾಲು ಕೆಳಗೆ ಕೂಡ್ತಾ ಕೂಡ್ತಾ ಒಂದು ಹೊತ್ತಲ್ಲಿ ಗಾಳಿಗೆ ತಡೆಯೋಕಾಗಲ್ಲ. ಆಗ ಒಂದು ಕವಲು ದಾರಿ ಹುಡುಕ್ಕೊಂಡು ಹೊರಡ್ತದೆ. ಒಂದೇ ಏಟಿಗೆ ಇಳಿಯಲ್ಲ. ಸುಮಾರು 50 ಮೀಟರ್ ಇಳಿಯೋದು, ನಿಲ್ಲೋದು, ಮತ್ತೆ 50. ಅದಕ್ಕೇ ಮಿಂಚು ಅಂಕುಡೊಂಕು. ಅದು ಹತ್ರ ಬರ್ತಿದ್ದ ಹಾಗೆ ನೆಲದಿಂದಲೂ, ಎತ್ತರ ಇರೋ ಮರ, ಗೋಪುರಗಳ ತುದಿಯಿಂದ ಕುಡಿ ಮೇಲಕ್ಕೇಳ್ತವೆ. ಎರಡೂ ಸೇರಿದ ಕ್ಷಣ ಶಾರ್ಟ್ ಸರ್ಕ್ಯೂಟ್! ಆ ಫಳ್ ಅನ್ನೋ ಬೆಳಕು ಇದೆಯಲ್ಲ, ಅದು ಓಡೋದು ಕೆಳಗಿಂದ ಮೇಲಕ್ಕೆ.”

ಇದನ್ನು ಮಾತ್ರ ನಂಜಪ್ಪ ಒಪ್ಪಲಿಲ್ಲ. “ಸಿಡ್ಲು ಬೀಳ್ತು ಅಂತಾರೆ, ಎದ್ದಿತು ಅಂತ ಯಾವನಾದ್ರೂ ಅಂತಾನಾ? ನನ್ ಕಣ್ಣ ಮುಂದೇನೇ ಬಿದ್ದೈತೆ.”

ಅದು ನಿಜ. ಹೋದ ವರ್ಷ ಅವನ ತೋಟದ ತೆಂಗಿಗೆ ಹೊಡೆದಾಗ ನಾನೂ ನೋಡಲು ಹೋಗಿದ್ದೆ. ಬೆಂಕಿಪಂಕಿ ಏನೂ ಇರಲಿಲ್ಲ. ಸುಳಿಯ ಗರಿ ಮುರಿದು ಜೋತಾಡುತ್ತಿತ್ತು. ಸುಳಿಯಿಂದ ಬುಡದವರೆಗೆ ಯಾರೋ ಕಾದ ಕಬ್ಬಿಣದಲ್ಲಿ ಗೀಟು ಎಳೆದ ಹಾಗೆ ಒಂದೇ ಒಂದು ಸೀಳು. ಅದರೊಳಗೆ ಮೂಗಿಟ್ಟರೆ ಸುಟ್ಟ ಬೆಲ್ಲದ ವಾಸನೆ. ವಾರ ಕಳೆದ ಮೇಲೆ ಪಕ್ಕದ ನಾಲ್ಕು ಮರಗಳ ಗರಿಗಳೂ ಸೋತು ಇಳಿಬಿದ್ದವು. ಮರದೊಳಗಿನ ರಸ ಕಣ್ಣುಮಿಟುಕಿಸುವಷ್ಟರಲ್ಲಿ ಆವಿಯಾಗಿ ಕಾಂಡವನ್ನು ಸೀಳುತ್ತದಂತೆ. ತೆಂಗಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಮರ ಹೋಯಿತು. ನಂಜಪ್ಪ ಆವತ್ತು ಆ ಮರಕ್ಕೆ ಕೈಯಿಟ್ಟು ನಿಂತವನು ತುಂಬಾ ಹೊತ್ತು ಮಾತಾಡಿರಲಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಏರಿದ ವಾರವೇ ಹೊಡೆದಿತ್ತು, ಪಾಪ.

“ಅಷ್ಟು ಶಾಖ ಇರ್ತದಾ?” ಒಲೆ ಮುಂದಿನಿಂದ ಗಿರಿಯಣ್ಣ ಕೇಳಿದ.

“ನಿನ್ನ ಎಣ್ಣೆ ಈಗ 180 ಡಿಗ್ರಿ ಇರಬಹುದು. ಮಿಂಚಿನ ದಾರಿ ಹೆಬ್ಬೆರಳ ಗಾತ್ರ, ಶಾಖ ಸುಮಾರು 30,000 ಡಿಗ್ರಿ. ಸೂರ್ಯನ ಮೈಯ ಐದು ಪಟ್ಟು. ಆ ಶಾಖಕ್ಕೆ ಗಾಳಿ ದಿಢೀರ್ ಅಂತ ಹಿಗ್ಗಿ ಒಡೀತದೆ. ಅದೇ ಗುಡುಗು.”

“ಒಡೆದಿದ್ದು ಒಂದ್ಸಲ ಆದ್ರೆ ಗುಡುಗುಡುಗುಡು ಅಂತ ಎಳೆಯೋದ್ಯಾಕೆ?”

“ಮಿಂಚು ಕಿಲೋಮೀಟರ್‌ಗಟ್ಟಲೆ ಉದ್ದ ಕಣಯ್ಯ. ಹತ್ತಿರದ ತುದಿಯ ಸದ್ದು ಮೊದಲು ಬರ್ತದೆ, ದೂರದ್ದು ಆಮೇಲೆ. ನಂಜಪ್ಪನ ಮಗಳ ಮದುವೆ ದಿಬ್ಬಣ ಬರಲಿಲ್ವೇ? ಓಲಗದವರು ಚಪ್ಪರ ಮುಟ್ಟಿದಾಗ ಬೀಗರ ಸೋದರಮಾವ ಇನ್ನೂ ಟೀ ಅಂಗಡಿಯಲ್ಲಿದ್ದ.”

ಮತ್ತೊಂದು ಮಿಂಚು. ನಂಜಪ್ಪ ಈ ಸಲ ಕಿವಿ ಮುಚ್ಚಲಿಲ್ಲ, ಕಣ್ಣು ಮುಚ್ಚಿ ಅರ್ಜುನ, ಫಲ್ಗುಣ ಎಂದು ಶುರು ಮಾಡಿದ. ನಮ್ಮ ಸೀಮೆಯಲ್ಲಿ ಇದನ್ನು ಕಲಿಸದ ಅಜ್ಜಿಯಿಲ್ಲ. ಗುಡುಗಿದ ಕೂಡಲೇ ಅರ್ಜುನನ ಹತ್ತು ಹೆಸರು ಹೇಳಬೇಕು. ನಮ್ಮಜ್ಜಿಯಂತೂ ಅದರ ಜತೆಗೆ ಕುಡುಗೋಲನ್ನು ಅಂಗಳಕ್ಕೆ ಬೀಸಿ ಒಗೆಯುತ್ತಿದ್ದಳು, ಕಬ್ಬಿಣ ಕಂಡರೆ ಸಿಡಿಲು ಹೆದರುತ್ತದೆಂದು. ಆ ಕುಡುಗೋಲು ಎತ್ತಿಕೊಂಡು ಬರಲು ಮಳೆಯಲ್ಲೇ ನನ್ನನ್ನು ಕಳಿಸುತ್ತಿದ್ದಳು.

ಮೇಷ್ಟ್ರು ನಗುತ್ತಾರೆಂದುಕೊಂಡೆ. ಅವರು ತೊಡೆ ತಟ್ಟಿದರು. “ಭೇಷ್! ಗಡಿಯಾರ ಸಿಕ್ತು. ಬೆಳಕು ಆ ಕ್ಷಣಕ್ಕೇ ಬರ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೀತದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಸೆಕೆಂಡಿಗೊಂದು ಹೆಸರು ಹೇಳು. ಪಾರ್ಥ ಅನ್ನುವಾಗ ಗುಡುಗಿದ್ರೆ ಒಂದು ಕಿಲೋಮೀಟರ್, ಬೀಭತ್ಸು ಅನ್ನುವಾಗ ಎರಡು, ಸವ್ಯಸಾಚಿಗೆ ಮೂರು. ನಿಮ್ಮ ತಪ್ಪು ಒಂದೇ. ಗುಡುಗಿದ ಮೇಲೆ ಶುರು ಮಾಡ್ತೀರಿ, ಮಿಂಚಿದ ಕೂಡಲೇ ಶುರು ಮಾಡ್ಬೇಕು.”

ಮುಂದಿನ ಮಿಂಚಿಗೆ ಇಡೀ ಹೋಟೆಲು ಪಾಠಶಾಲೆಯಾಯಿತು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ... ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವನು ಸಲೀಂ. ಬೀಭತ್ಸು, ವಿಜಯ— ಧಡ್! ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಅದರ ಮುಂದಿನದು ಕಿರೀಟಿಗೇ ಬಂತು. ನಂಜಪ್ಪ ಬೆಂಚಿನ ಮಧ್ಯಕ್ಕೆ ಸರಿದ.

“ಮರದ ಕೆಳಗಿದ್ದಿದ್ರೆ ಏನ್ ಗತಿ?”

“ಮರದಿಂದ ನಿನ್ನ ಮೈಗೆ ಹಾರ್ತದೆ. ನೆಲದಲ್ಲೂ ಹರೀತದೆ. ದನ ಸಾಯೋದು ಹಂಗೇ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ, ನಡುವೆ ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳೀತದೆ. ಬಯಲಲ್ಲಿ ಸಿಕ್ಕಾಕ್ಕೊಂಡು ಬೇರೆ ದಾರೀನೇ ಇಲ್ಲ ಅಂದ್ರೆ ಎರಡು ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರು. ಮಲಗಬೇಡ.”

“ಕಾರಲ್ಲಿದ್ರೆ ಟೈರು ಕಾಪಾಡ್ತದೆ, ರಬ್ಬರಲ್ವಾ?” ಎಂದೆ ನಾನು, ಸುಮ್ಮನಿರಲಾರದೆ.

“ಮೋಡದಿಂದ ಗಾಳಿ ಸೀಳ್ಕೊಂಡು ಬಂದಿದ್ದಕ್ಕೆ ಅರ್ಧ ಅಡಿ ರಬ್ಬರು ಯಾವ ಲೆಕ್ಕ? ಕಾಪಾಡೋದು ತಗಡಿನ ಮೈ. ಕರೆಂಟು ಹೊರಗಿನಿಂದಲೇ ಇಳಿದುಹೋಗ್ತದೆ. ನಿನ್ನ ಸ್ಕೂಟರಿಗೆ ಆ ಭಾಗ್ಯ ಇಲ್ಲ.”

ಸಲೀಂ ತನ್ನ ಮೊಬೈಲ್ ತೋರಿಸಿದ. ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪು. ಸುತ್ತಮುತ್ತ ಸಿಡಿಲು ಬಿದ್ದದ್ದನ್ನು ತೋರಿಸಿ ಎಚ್ಚರಿಸುತ್ತದೆ. ನಂಜಪ್ಪ ಹೌಹಾರಿದ. “ಆರಿಸ್ಲಾ ಅದನ್ನ! ಮೊಬೈಲು ಸಿಡ್ಲು ಎಳೀತದೆ.” ಎಳೆಯುವುದಿಲ್ಲ ಎಂದರು ಮೇಷ್ಟ್ರು. ವೈರಿರುವ ಹಳೇ ಫೋನಿನದ್ದೇ ಭಯ.

“ಎಳೆಯೋ ಮನುಷ್ಯ ಬೇರೆ ಇದ್ದ,” ಎಂದು ಮುಂದುವರಿಸಿದರು. “ಅಮೆರಿಕದ ವರ್ಜೀನಿಯಾದಲ್ಲಿ ರಾಯ್ ಸಲಿವನ್ ಅಂತ ಕಾಡಿನ ರೇಂಜರು. 1942ರಿಂದ 1977ರ ಒಳಗೆ ಏಳು ಸಲ ಸಿಡಿಲು ಹೊಡೀತು. ಏಳೂ ಸಲ ಬದುಕಿದ. ತಲೆಗೂದಲಿಗೆ ಬೆಂಕಿ ಹತ್ತಿದ ಮೇಲೆ ಜತೇಲಿ ನೀರಿನ ಕ್ಯಾನ್ ಇಟ್ಕೊಂಡೇ ಓಡಾಡ್ತಿದ್ದ.”

ನಂಜಪ್ಪ ತನ್ನ ಬೋಳುತಲೆ ಸವರಿಕೊಂಡ. ಬಹುಶಃ ಮೊದಲ ಬಾರಿಗೆ ಸಮಾಧಾನದಿಂದ.

ಆಮೇಲೆ ಮಿಂಚಿತು. “ಅರ್—” ಎಂದದ್ದಷ್ಟೇ. ಹಂಚು, ಲೋಟ, ಸಕ್ಕರೆ ಡಬ್ಬದ ಮುಚ್ಚಳ ಎಲ್ಲ ಒಟ್ಟಿಗೆ ಅದುರಿದವು. ಅರ್ಜುನನಿಗೇ ತನ್ನ ಹೆಸರು ಪೂರ್ತಿ ಕೇಳಿಸಿರಲಾರದು. ಕತ್ತಲಲ್ಲಿ ನನ್ನ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮೇಣದ ಬತ್ತಿ ಹಚ್ಚಿದಾಗ ನೋಡಿದರೆ ಮೇಷ್ಟ್ರು.

“ಕೊನೇ ಗುಡುಗು ಕೇಳಿದ ಮೇಲೆ 30 ನಿಮಿಷ ಯಾರೂ ಹೊರಗೆ ಹೋಗಬಾರದು, ಇದು ನಿಯಮ,” ಎಂದರು ಗಂಟಲು ಸರಿಪಡಿಸಿಕೊಂಡು, ಕೈ ಬಿಡದೆ.

ವಿಜ್ಞಾನದ ಮೇಲೆ ಗಿರಿಯಣ್ಣನಿಗೆ ಅಷ್ಟೊಂದು ಭಕ್ತಿ ಹುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎರಡು ಪ್ಲೇಟು ಮೆಣಸಿನಕಾಯಿ ಬಜ್ಜಿ, ಮತ್ತೆರಡು ಪ್ಲೇಟು, ನಾಲ್ಕು ಕಾಫಿ. ಮಳೆ ನಿಂತಿತು. ಸೂರಿನ ಹನಿಯೂ ನಿಂತಿತು. ಇಪ್ಪತ್ತೆಂಟನೇ ನಿಮಿಷಕ್ಕೆ ನಾವು ಚಪ್ಪಲಿ ಮೆಟ್ಟುವಾಗ ಸಿದ್ಧಗಂಗೆ ಬೆಟ್ಟದ ಆಚೆ ಎಲ್ಲೋ ಸಣ್ಣಗೆ ಗುಡುಗುಡು ಎಂದಿತು. ನನಗೇನೋ ಹೈವೇಯಲ್ಲಿ ಲಾರಿ ಹೋದ ಹಾಗೆ ಕೇಳಿಸಿತು. ಗಿರಿಯಣ್ಣ ಮಾತ್ರ “ಗುಡುಗೇ ಸ್ವಾಮಿ, ಗುಡುಗೇ, ಕೂತ್ಕೊಳಿ” ಎನ್ನುತ್ತ ಇನ್ನೊಂದು ಬೋಗುಣಿ ಕಡ್ಲೆಹಿಟ್ಟು ಕಲಸಿದ.