ಪದಚರ್ಚೆ: ಡೇಟಾಬೇಸ್‌ನ ‘ನಲ್’ಗೆ ‘ಶೂನ್ಯ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಂಕಪಟ್ಟಿ ನೋಡಿಕೊಳ್ಳುವ ಒಂದು ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಕನ್ನಡದ ಪದಪಟ್ಟಿ ತಯಾರಾಗುತ್ತಿದೆ. ‘ನಲ್’ (null, ಮಾಹಿತಿ ದಾಖಲಾಗಿಲ್ಲ ಎಂಬುದಕ್ಕೆ ಡೇಟಾಬೇಸ್ ಇಡುವ ಗುರುತು) ಎದುರಿಗೆ ಒಬ್ಬರು ‘ಶೂನ್ಯ’ ಎಂದು ಬರೆದಿದ್ದಾರೆ, ಇನ್ನೊಬ್ಬರು ಅದನ್ನು ಹೊಡೆದುಹಾಕಿ ‘ಖಾಲಿ’ ಎಂದಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆಂದು ಹೇಳಿ, ಆಮೇಲೆ ನಿಮ್ಮನ್ನು ಕೇಳುತ್ತೇನೆ.

ಅಂಕದ ಕಾಲಮ್‌ನಲ್ಲಿ 0 ಇದ್ದರೆ ವಿದ್ಯಾರ್ಥಿ ಪರೀಕ್ಷೆ ಬರೆದು ಸೊನ್ನೆ ತೆಗೆದಿದ್ದಾನೆ ಎಂದರ್ಥ. ನಲ್ ಇದ್ದರೆ ಅಂಕ ಎಷ್ಟೆಂಬುದೇ ದಾಖಲಾಗಿಲ್ಲ. ಐವರ ಅಂಕ 60, 70, 80, 0, ನಲ್ ಎಂದಿಟ್ಟುಕೊಳ್ಳಿ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಸರಾಸರಿ ತೆಗೆಯುವಾಗ ನಲ್ ಅನ್ನು ಲೆಕ್ಕಕ್ಕೇ ಹಿಡಿಯದೆ 210ನ್ನು 4ರಿಂದ ಭಾಗಿಸುತ್ತದೆ, 52.5 ಬರುತ್ತದೆ. ‘ಶೂನ್ಯ ತಾನೇ’ ಎಂದು ಯಾರಾದರೂ ಅಲ್ಲಿ 0 ತುಂಬಿದರೆ ಸರಾಸರಿ 42ಕ್ಕೆ ಇಳಿಯಿತು. ಈ ಗೊಂದಲ ಕನ್ನಡದ್ದು ಮಾತ್ರವೂ ಅಲ್ಲ. ಜಾವಾ ಭಾಷೆಯಿಂದ ಡೇಟಾಬೇಸ್ ತಲುಪುವ ಜೆಡಿಬಿಸಿಯಲ್ಲಿ ‘ಗೆಟ್‌ಇಂಟ್’ ಬಳಸಿ ಅಂಕ ಓದಿದರೆ ನಲ್ ಇದ್ದಲ್ಲೂ ಸದ್ದಿಲ್ಲದೆ 0 ಕೈಗೆ ಬರುತ್ತದೆ. ಅದು ನಿಜವಾದ ಸೊನ್ನೆಯೇ ಎಂದು ತಿಳಿಯಲು ಓದಿದ ಕೂಡಲೇ ‘ವಾಸ್‌ನಲ್’ ಕರೆದು ಕೇಳಬೇಕು. ಕೇಳದಿದ್ದರೆ ಪರದೆಯ ಮೇಲೆ ಗೈರಾದವನಿಗೂ 0, ಬರೆದು ಸೋತವನಿಗೂ 0.

ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಅಂಕಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದರೆ, ಬೇರೆ ಏನೂ ಹೇಳದಿದ್ದಲ್ಲಿ, ನಲ್ ಇರುವ ಸಾಲುಗಳೇ ಮೇಲೆ ಬರುತ್ತವೆ. ಪರೀಕ್ಷೆಗೇ ಬಾರದವನು ಮೊದಲನೇ ಸ್ಥಾನದಲ್ಲಿ ಕೂತಿರುತ್ತಾನೆ! ‘ನಲ್ಸ್ ಲಾಸ್ಟ್’ ಎಂದು ಸೇರಿಸಿದರೆ ಸರಿಹೋಗುತ್ತದೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ಇದೇ ಜೋಡಣೆಯಲ್ಲಿ ನಲ್ ಕೆಳಗೆ ಹೋಗುತ್ತದೆ. ಹಾಗಾಗಿ ಒಂದರಲ್ಲಿ ಬರೆದು ಪರೀಕ್ಷಿಸಿದ್ದು ಇನ್ನೊಂದರಲ್ಲಿ ಹಾಗೇ ನಡೆದೀತೆಂದು ನಂಬಬೇಡಿ.

‘ಖಾಲಿ’ ಪದದ ತೊಂದರೆ ಬೇರೆ. ಒಂದೂ ಅಕ್ಷರವಿಲ್ಲದ ಪಠ್ಯ ಎಂಬುದು ಡೇಟಾಬೇಸ್‌ನಲ್ಲಿ ಪ್ರತ್ಯೇಕ ಬೆಲೆ (ವ್ಯಾಲ್ಯೂ). ‘ಖಾಲಿ’ ಅದಕ್ಕೇ ಸಲ್ಲಬೇಕು. ಒರಾಕಲ್ ಮಾತ್ರ ಖಾಲಿ ಪಠ್ಯವನ್ನೂ ನಲ್ ಎಂದೇ ಎಣಿಸುತ್ತದೆ. ಅಲ್ಲಿಂದ ಪೋಸ್ಟ್‌ಗ್ರೆಸ್‌ಗೆ ಬಂದವರ ಹಳೆಯ ‘ಈಸ್ ನಲ್’ ಹುಡುಕಾಟಕ್ಕೆ ಖಾಲಿ ಪಠ್ಯದ ಸಾಲುಗಳು ಸಿಗುವುದಿಲ್ಲ. ಡೆಸ್ಕ್‌ಟಾಪ್ ಫಾರ್ಮ್‌ನಲ್ಲಿ ಏನೂ ಟೈಪ್ ಮಾಡದ ಪೆಟ್ಟಿಗೆ ಸಾಮಾನ್ಯವಾಗಿ ಖಾಲಿ ಪಠ್ಯವನ್ನೇ ಕೊಡುತ್ತದೆ. ಅದನ್ನು ಹಾಗೇ ಉಳಿಸುವುದೋ ನಲ್ ಮಾಡುವುದೋ ಎಂಬುದನ್ನು ಪ್ರತಿ ಫಾರ್ಮ್‌ನಲ್ಲಿ ಬೇರೆ ಬೇರೆಯಾಗಿ ತೀರ್ಮಾನಿಸದೆ, ದತ್ತಾಂಶ ಉಳಿಸುವ ಒಂದೇ ಜಾಗದಲ್ಲಿ ತೀರ್ಮಾನಿಸಿ.

ಕಾಲಮ್‌ನಲ್ಲಿ ನಲ್ ಇರಕೂಡದೆಂಬ ‘ನಾಟ್ ನಲ್’ ನಿಯಮಕ್ಕೆ ಪದಪಟ್ಟಿಯಲ್ಲಿ ‘ಕಡ್ಡಾಯ’ ಎಂದಿದೆ. ಪದವೇನೋ ಚೆನ್ನಾಗಿದೆ, ಆದರೆ ನಿಯಮ ಅಷ್ಟು ಬಿಗಿಯಿಲ್ಲ: ಸ್ಪೇಸ್ ಕೀಲಿ ಒಂದು ಸಲ ಒತ್ತಿದರೂ ಪಠ್ಯದ ‘ನಾಟ್ ನಲ್’ ಕಾಲಮ್ ತೃಪ್ತವಾಗುತ್ತದೆ. ಪರದೆಯಲ್ಲಿ ‘ಕಡ್ಡಾಯ’ ಎಂದು ಬರೆಯುವುದಾದರೆ ಅಕ್ಕಪಕ್ಕದ ಸ್ಪೇಸ್ ತೆಗೆದ ಮೇಲೂ ಏನಾದರೂ ಉಳಿದಿದೆಯೇ ಎಂಬ ತಪಾಸಣೆಯೂ ಜೊತೆಗಿರಲಿ.

ಇನ್ನು ಇಲ್ಲ–ಅಲ್ಲಗಳ ವಿಷಯ. ‘ಎ ಶ್ರೇಣಿ ಅಲ್ಲದವರನ್ನು ತೋರಿಸು’ ಎಂದರೆ ಶ್ರೇಣಿಯೇ ಇಲ್ಲದವರೂ ಅದರಲ್ಲಿ ಸೇರಿದರು ಎಂದು ಕನ್ನಡ ಬಲ್ಲ ಯಾರೇ ಆದರೂ ಭಾವಿಸುತ್ತಾರೆ. ಎಸ್‌ಕ್ಯೂಎಲ್ ಅವರನ್ನು ಬಿಟ್ಟುಬಿಡುತ್ತದೆ. ನಲ್ ಜೊತೆ ಹೋಲಿಸಿದರೆ ಸಿಗುವ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ, ‘ಗೊತ್ತಿಲ್ಲ’. ಸಾಲುಗಳನ್ನು ಆಯುವ ‘ವೇರ್’ ಒಪ್ಪುವುದು ಹೌದು ಎಂಬುದನ್ನು ಮಾತ್ರ. ‘ಈ ಪಟ್ಟಿಯಲ್ಲಿ ಇಲ್ಲದವು’ ಎನ್ನುವ ‘ನಾಟ್ ಇನ್’ಗೆ ಕೊಟ್ಟ ಪಟ್ಟಿಯಲ್ಲಿ ಒಂದೇ ಒಂದು ನಲ್ ನುಸುಳಿದರೂ ಫಲಿತಾಂಶದಲ್ಲಿ ಒಂದು ಸಾಲೂ ಬರುವುದಿಲ್ಲ, ‘ಅಂಥ ಸಾಲೇ ಇಲ್ಲದಿದ್ದರೆ’ ಎನ್ನುವ ‘ನಾಟ್ ಎಕ್ಸಿಸ್ಟ್ಸ್’ ಬಳಸಿದರೆ ಈ ಕಾಟವಿಲ್ಲ. ತಮಾಷೆಯೆಂದರೆ ಒಳಬರುವ ಬೆಲೆಯನ್ನು ತಪಾಸಣೆ ಮಾಡುವ ‘ಚೆಕ್’ ನಿರ್ಬಂಧದ ನಡೆ ಉಲ್ಟಾ. ‘ಅಂಕ 100 ಮೀರಬಾರದು’ ಎಂದು ಬರೆದರೆ ನಲ್ ಆರಾಮಾಗಿ ಒಳಗೆ ಬರುತ್ತದೆ, ಯಾಕೆಂದರೆ ‘ಚೆಕ್’ ತಡೆಯುವುದು ‘ಅಲ್ಲ’ವನ್ನು ಮಾತ್ರ, ‘ಗೊತ್ತಿಲ್ಲ’ವನ್ನಲ್ಲ. ನಮ್ಮ ಬಳಕೆದಾರರ ಕೈಪಿಡಿಯಲ್ಲಿ ಶೋಧಕದ (ಫಿಲ್ಟರ್) ಪಕ್ಕ ‘ಅಲ್ಲ’ ಎಂದಷ್ಟೇ ಬರೆದರೆ ಸಾಲದು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ದತ್ತಾಂಶವನ್ನು ಕೋಷ್ಟಕಗಳಲ್ಲಿಡುವ ರಿಲೇಷನಲ್ ಮಾದರಿಯ ಜನಕ ಎಡ್ಗರ್ ಕಾಡ್ ಅವರಿಗೂ ಒಂದೇ ನಲ್ ಸಾಲದು ಅನ್ನಿಸಿತ್ತು. ಬೆಲೆ ಇರಬೇಕಿತ್ತು ಆದರೆ ತಿಳಿದಿಲ್ಲ ಎಂಬುದಕ್ಕೆ ಒಂದು ಗುರುತು, ಇಲ್ಲಿ ಬೆಲೆಯ ಪ್ರಶ್ನೆಯೇ ಬರುವುದಿಲ್ಲ ಎಂಬುದಕ್ಕೆ ಇನ್ನೊಂದು ಗುರುತು ಬೇಕೆಂದು ಅವರು 1990ರಲ್ಲಿ ವಾದಿಸಿದರು. ಎಸ್‌ಕ್ಯೂಎಲ್ ಒಂದರಲ್ಲೇ ನಿಂತಿತು. ಆದರೆ ಪರದೆಯ ಮೇಲೆ ಆ ಎರಡನ್ನೂ ಬೇರ್ಪಡಿಸಿ ತೋರಿಸುವುದಕ್ಕೆ ನಮಗೇನೂ ಅಡ್ಡಿಯಿಲ್ಲ: ‘ನಮೂದಿಸಿಲ್ಲ’ ಮತ್ತು ‘ಅನ್ವಯಿಸದು’. ಇದಕ್ಕೆ ಪಕ್ಕದಲ್ಲೊಂದು ಸ್ಥಿತಿಯ ಕಾಲಮ್ ಇಡಬೇಕು; ‘ಗೈರುಹಾಜರು’ ಕೂಡ ಅಲ್ಲೇ ಕೂರಲಿ, ನಲ್‌ನ ಹೊಟ್ಟೆಯೊಳಗೆ ಬೇಡ. ಡೆವಲಪರ್‌ಗಳಿಗೆ ಬರೆಯುವ ದಾಖಲೆಯಲ್ಲಿ ‘ನಲ್’ ಅನ್ನು ಹಾಗೇ ಇಟ್ಟುಕೊಳ್ಳೋಣ ಎಂಬುದು ನನ್ನ ಮತ.

ಈಗ ಪ್ರಶ್ನೆ. ‘ನಮೂದಿಸಿಲ್ಲ’ ಕ್ರಿಯಾಪದ, ಕೋಷ್ಟಕದ ಒಂದೊಂದು ಮನೆಯೊಳಗೆ ಚೆನ್ನಾಗಿ ಹೊಂದುತ್ತದೆ. ಶೋಧಕದ ಆಯ್ಕೆಗಳ ಪಟ್ಟಿಯಲ್ಲಿ ನಾಮಪದವೋ ವಿಶೇಷಣವೋ ಬೇಕು. ‘ಲುಪ್ತ’ ಎಂದರೆ ಮೊದಲು ಇದ್ದು ಈಗ ಹೋಯಿತು ಎಂದಾಗುತ್ತದೆ. ‘ಬಿಟ್ಟುಹೋದದ್ದು’ ಎನ್ನುವುದರಲ್ಲಿ ತುಂಬಿದವರ ಮೇಲೆ ದೂರು ಹೊರಿಸಿದ ದನಿಯಿದೆ. ‘ಅನುಕ್ತ’ (ಹೇಳದೇ ಇರುವುದು) ಚಿಕ್ಕದು, ಅರ್ಥವೂ ಸರಿ, ಆದರೆ ದಿನವಿಡೀ ಅಂಕ ಟೈಪ್ ಮಾಡುವವರು ಅದನ್ನು ಮೊದಲ ಸಲ ಓದಿದಾಗ ಏನೆಂದುಕೊಂಡಾರು? ‘ನಮೂದಿಲ್ಲದವು’ ಎಂದು ಹಾಕಿ ನೋಡಿದ್ದೇನೆ; ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಇದಕ್ಕಿಂತ ಚಿಕ್ಕದೇನಾದರೂ ಬಳಕೆಯಲ್ಲಿದೆಯೇ, ತಿಳಿಸಿ.